ಬಳೆಯ ಮೇಲೆ ಹಾಕಿದ ಸ್ಲ್ಯಾಬ್

ಮೂವತ್ತು ಮಂದಿ ಡಾಕ್ಟರರು ಕೈಕಟ್ಟಿ ನಿಂತಿದ್ದರು, ಸ್ಲ್ಯಾಬನ್ನು ಮಾಮಾ ಹಾಕುತ್ತಿದ್ದ. ಛತ್ರಪತಿ ಸಂಭಾಜಿನಗರದ ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಾಲಿಟ್ಟಾಗ ನಾನು ಕಂಡ ಮೊದಲ ನೋಟ ಅದು. ಮಾಮಾ ಎಂದರೆ ಯಾರ ಸೋದರಮಾವನೂ ಅಲ್ಲ. ಮಹಾರಾಷ್ಟ್ರದ ಆಸ್ಪತ್ರೆಗಳಲ್ಲಿ ಸ್ಟ್ರೆಚರ್ ತಳ್ಳುವ, ನೆಲ ಒರೆಸುವ ನೌಕರನನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆ. ಮುರಿದ ಕೈಯ ಒಂದು ಬದಿಗೆ ಮಾತ್ರ ಪ್ಲಾಸ್ಟರ್ ಪಟ್ಟಿ ಕೂರಿಸಿ ಮೇಲೆ ಬ್ಯಾಂಡೇಜ್ ಸುತ್ತುವುದಕ್ಕೆ ಸ್ಲ್ಯಾಬ್ ಎನ್ನುತ್ತೇವೆ. ಅದನ್ನು ಹಾಕುವವನು ಮಾಮಾ. ‘ನಾನು ಹಾಕಿದೆ’ ಎಂದು ಲಾಗ್‌ಬುಕ್ಕಿನಲ್ಲಿ ಬರೆದುಕೊಳ್ಳುವವರು ಇಂಟರ್ನ್ ಡಾಕ್ಟರರು. ಮಾಮಾನ ಕೆಲಸವೇನೂ ಕೆಟ್ಟದಾಗಿರಲಿಲ್ಲ. ನನಗೆ ಹೇಸಿಗೆ ಬಂದದ್ದು ಸುತ್ತ ಕಟ್ಟಿಕೊಂಡಿದ್ದ ಆ ಕೈಗಳನ್ನು ನೋಡಿ.

ನಾನು ಡಾಕ್ಟರನಲ್ಲ. ಭಾಲ್ಕಿ ಕಡೆಯವನು, ನಾಶಿಕ್‌ನ ಒಂದು ಆಸ್ಪತ್ರೆಯ ಪ್ಲಾಸ್ಟರ್ ರೂಮಿನಲ್ಲಿ ಟೆಕ್ನಿಷಿಯನ್. ಅಂಥವನು ಡಾಕ್ಟರರಿಗೆ ಕಲಿಸಲು ಹೋಗಿ, ಅವರಲ್ಲಿ ಒಬ್ಬನ ಪುಸ್ತಕಕ್ಕೆ ಹಾಕಬಾರದ ಸಹಿ ಹಾಕಿ, ಅದರಿಂದ ಒಬ್ಬ ಹೆಣ್ಣುಮಗಳ ಬಲಗೈ ಏನಾಯಿತು ಎಂಬುದನ್ನು ಬರೆಯಲು ಕೂತಿದ್ದೇನೆ. ಬರೆಯದಿದ್ದರೆ ನನಗೆ ನನ್ನ ಮೇಲಿನ ಅಸಹ್ಯ ಹೋಗುವುದಿಲ್ಲ. ಬರೆದರೂ ಹೋಗುತ್ತದೆಂಬ ಭರವಸೆಯೇನಿಲ್ಲ.

ಆ ಕಾಲೇಜಿನ ಎಲುಬಿನ ವಿಭಾಗದ ಮುಖ್ಯಸ್ಥರು ಕಲಬುರಗಿಯವರು. ಒಂದು ದಿನ ಫೋನ್ ಮಾಡಿದರು. “ಕಾಕಾ, ಎರಡು ಶನಿವಾರ ಬಂದು ಹೋಗ್ರಿ. ನಮ್ಮ ಇಂಟರ್ನ್‌ಗಳಿಗಿ ಸ್ಲ್ಯಾಬ್ ಹಾಕೋದು ಕಲಸಬೇಕ್ರಿ. ಇನ್ಸ್‌ಪೆಕ್ಷನ್ ಬರ್ಲತ್ತದ.”

“ಸರ್, ನಾ ಹತ್ತನೇತ್ತ ಓದಿದವ. ಡಾಕ್ಟರಿಗಿ ನಾ ಏನ್ ಕಲಸ್ಲಿ?”

“ನಿಮ್ಮ ಕೈ ಓದ್ಯಾವಲ್ರಿ, ಅಷ್ಟು ಸಾಕು.”

ಈ ಒಂದು ಮಾತಿಗೆ ನಾನು ಉಬ್ಬಿಹೋದೆ. ‘ಇನ್ಸ್‌ಪೆಕ್ಷನ್’ ಎಂಬ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಮೊದಲ ಶನಿವಾರ ಬೆಳಗಿನ ಎಸ್‌ಟಿ ಬಸ್ಸು ಹಿಡಿದು, ಯೇವಲಾ, ವೈಜಾಪುರ ದಾಟಿ ಹನ್ನೊಂದರ ಹೊತ್ತಿಗೆ ಸಂಭಾಜಿನಗರ ತಲುಪಿದೆ. ಮಾಮಾನನ್ನು ಕುರ್ಚಿಯಲ್ಲಿ ಕೂರಿಸಿ, ಇವತ್ತು ನಿಮಗೆ ಸೂಟಿ ಎಂದೆ. ಇಂಟರ್ನ್‌ಗಳಿಗೆ ಒಬ್ಬರ ಕೈಗೆ ಇನ್ನೊಬ್ಬರು ಸ್ಲ್ಯಾಬ್ ಹಾಕಿ ಎಂದೆ. ಅಷ್ಟಕ್ಕೇ ಮುಖ ಸಿಂಡರಿಸಿದರು. ಒಬ್ಬಳು ಎರಡೆರಡು ಗ್ಲೌಸ್ ಹಾಕಿಕೊಂಡು, ನೆನೆದ ಪಟ್ಟಿಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದಳು. ಇನ್ನೊಬ್ಬ, “ಸರ್, ಹೇ ಪರೀಕ್ಷೇಲಾ ಯೇತಂ ಕಾ?” ಎಂದು ಕೇಳಿದ. ಪರೀಕ್ಷೆಗೆ ಬರುವುದಿಲ್ಲಪ್ಪಾ, ಕ್ಯಾಶುವಲ್ಟಿಗೆ ಬರುತ್ತದೆ ಎಂದೆ. ಹಿಂದಿನ ಸಾಲಿನವರು ತಲೆ ಎತ್ತಲೇ ಇಲ್ಲ. ಮೊಬೈಲಿನಲ್ಲಿ ಪಿಜಿ ಪ್ರವೇಶ ಪರೀಕ್ಷೆಯ ಪ್ರಶ್ನೆಗಳನ್ನು ಒತ್ತುತ್ತ ಕೂತಿದ್ದರು.

ಆದರೂ ನಾನು ಬಿಡಲಿಲ್ಲ. ಅಳತೆಯನ್ನು ನೆಟ್ಟಗಿರುವ ಕೈಯಿಂದ ತೆಗೆಯಬೇಕು, ಮುರಿದ ಕೈಯನ್ನು ಅಳತೆಗೆಂದು ಎಳೆದಾಡಬಾರದು. ಪಟ್ಟಿಯನ್ನು ಹಿಂದೆ ಮುಂದೆ ಮಡಿಸುತ್ತ ಹೋಗಬೇಕು, ಕೈಗಾದರೆ ಎಂಟರಿಂದ ಹತ್ತು ಪದರ, ಕಾಲಿಗಾದರೆ ಹನ್ನೆರಡರ ಮೇಲೆ. ಹತ್ತಿಯ ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ನೀರು ಬಿಸಿಯಿರಬಾರದು, ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಕಾಯುತ್ತದೆ. ಅಂಗೈಯಿಂದ ಸವರಿ ಕೂರಿಸಬೇಕು. ಬೆರಳ ತುದಿಯಿಂದ ಒತ್ತಿದರೆ ಬಿದ್ದ ಕುಳಿ ಒಣಗಿ ಒಳಗೆ ಹುಣ್ಣು ಮಾಡುತ್ತದೆ. ಬ್ಯಾಂಡೇಜನ್ನು ಉರುಳಿಸಬೇಕು, ಎಳೆಯಬಾರದು. ಎಲ್ಲ ಮುಗಿದ ಮೇಲೆ ಉಗುರು ಒತ್ತಿ ಬಿಡಬೇಕು, ಬಿಳಿಚಿದ್ದು ಎರಡು ಎಣಿಸುವಷ್ಟರಲ್ಲಿ ಕೆಂಪಾಗಬೇಕು. ಇವೆಲ್ಲಕ್ಕೂ ಮೊದಲು ಉಂಗುರ, ಬಳೆ, ಕಡಗ ತೆಗೆಯಬೇಕು ಎಂದೂ ಹೇಳಿದೆ. ಅದನ್ನು ಮಾತ್ರ ಬರೀ ಬಾಯಲ್ಲಿ ಹೇಳಿದೆ, ತೆಗೆದು ತೋರಿಸಲಿಲ್ಲ. ಅಲ್ಲಿ ಯಾರ ಕೈಯಲ್ಲೂ ಬಳೆ ಇರಲಿಲ್ಲ.

ಸಂಜೆ ಹೊರಡುವ ಮುಂಚೆ ಒಂದು ಕೆಲಸ ಕೊಟ್ಟೆ. ಹಾಕಿಸಿಕೊಂಡ ಸ್ಲ್ಯಾಬನ್ನು ನಾಳೆ ಬೆಳಗಿನತನಕ ತೆಗೆಯಬಾರದು. ಅದರಲ್ಲೇ ಉಣ್ಣಿ, ಅದರಲ್ಲೇ ಮಲಗಿ. ತುರಿಕೆ ಎಂದರೇನು, ಬಿಗಿ ಎಂದರೇನು ಎಂದು ನಿಮ್ಮ ಚರ್ಮಕ್ಕೆ ತಿಳಿಯಲಿ ಎಂದೆ. ಎಲ್ಲರೂ “ಹೋ ಸರ್” ಎಂದರು, ಸ್ಲ್ಯಾಬ್ ಮೇಲೆತ್ತಿ ಗುಂಪು ಫೋಟೋ ತೆಗೆಸಿಕೊಂಡರು. ಬಸ್ಸಿಗೆ ಹೊತ್ತಿದೆಯೆಂದು ಕ್ಯಾಂಟೀನಿಗೆ ಚಹಾ ಕುಡಿಯಲು ಹೋದೆ. ಹಿಂಬದಿಯ ಕಸದ ಡಬ್ಬದಲ್ಲಿ ಸ್ಲ್ಯಾಬುಗಳು ರಾಶಿ ಬಿದ್ದಿದ್ದವು, ಇನ್ನೂ ಹಸಿ. ಅವುಗಳ ಮೇಲೆ ಚಹಾದ ಕಾಗದದ ಕಪ್ಪು, ತಿಂದುಬಿಟ್ಟ ವಡಾಪಾವ್. ಥೂ ನಿಮ್ಮ! ಅರ್ಧ ಗಂಟೆ ತಡೆಯಲಾಗಲಿಲ್ಲವೇ! ನಮ್ಮ ರೋಗಿಗಳು ಆರು ವಾರ ಹೊತ್ತುಕೊಂಡು ಹೊಲಕ್ಕೆ ಹೋಗುತ್ತಾರೆ. ಚಹಾ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ.

ಎರಡನೆಯ ಶನಿವಾರ ಬಂದವರು ಹದಿನೆಂಟು ಮಂದಿ. ಅವರಲ್ಲಿ ಹನ್ನೊಂದು ಮಂದಿ ನನ್ನ ಎದುರಿಗೆ ಸ್ಲ್ಯಾಬ್ ಹಾಕಿದರು. ನಾಲ್ಕೈದು ನಿಜಕ್ಕೂ ಚೆನ್ನಾಗಿದ್ದವು, ಸುಳ್ಳು ಹೇಳಬಾರದು. ಮಧ್ಯಾಹ್ನದ ಮೇಲೆ ಮುಖ್ಯಸ್ಥರ ಕೋಣೆಯಿಂದ ಲಾಗ್‌ಬುಕ್ಕುಗಳ ಕಟ್ಟು ಬಂತು. ಒಟ್ಟು ಮೂವತ್ತು. ‘ಸ್ವತಂತ್ರವಾಗಿ ಸ್ಲ್ಯಾಬ್ ಹಾಕಬಲ್ಲರು’ ಎಂಬ ಸಾಲಿನ ಎದುರು ಕಲಿಸಿದವರ ಸಹಿ ಬೇಕಿತ್ತು. ನಾನು ಹನ್ನೊಂದಕ್ಕೆ ಹಾಕಿ ಪೆನ್ನು ಕೆಳಗಿಟ್ಟೆ.

ಆಗ ಬಂದ ಅವನು. ನಾಶಿಕ್‌ನಲ್ಲಿ ನಾನು ದಿನಾ ಬೆಳಿಗ್ಗೆ ಇಡ್ಲಿ ತಿನ್ನುವ ಹೋಟೆಲಿನ ಯಜಮಾನರ ಮಗ. ಉಡುಪಿ ಕಡೆಯವರು. ಚಡ್ಡಿ ಹಾಕಿಕೊಂಡು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಹೋಂವರ್ಕ್ ಬರೆಯುತ್ತಿದ್ದಾಗಿನಿಂದ ನೋಡಿದ ಹುಡುಗ. ನಾಶಿಕ್‌ನಲ್ಲೇ ಬೆಳೆದವನು, ಮನೆಯ ಹೊರಗೆ ಅವನ ಬಾಯಲ್ಲಿ ಕನ್ನಡ ಕೇಳಿದವರಿಲ್ಲ. ಅಂದು ಮಾತ್ರ ಪಕ್ಕಕ್ಕೆ ಬಂದು ಮೆಲ್ಲಗೆ, “ಅಂಕಲ್, ನಂದೊಂದು ಸೈನ್ ಬಾಕಿ ಉಂಟು” ಎಂದ.

“ನೀ ಹಾಕಿದ್ದು ನಾ ನೋಡಿಲ್ಲಲ್ಲ ತಮ್ಮಾ.”

“ಪೂರಾ ವಿಡಿಯೋ ಮಾಡಿದ್ದೇನೆ ಅಂಕಲ್. ರೂಮಿಗೆ ಹೋಗಿ ಪ್ರಾಕ್ಟೀಸ್ ಮಾಡ್ತೇನೆ, ಪಕ್ಕಾ. ನೀವು ನಮ್ಮವರೇ ಅಲ್ವಾ?”

ನಾಶಿಕ್ ಕಡೆ ಇರುವ ನಮ್ಮಂಥವರಿಗೆ ಇದೊಂದು ರೋಗ. ಮರಾಠಿ ಜನರ ನಡುವೆ ಯಾರಾದರೂ ಕನ್ನಡದಲ್ಲಿ ‘ನಮ್ಮವರು’ ಎಂದರೆ ಸಾಕು, ಕಿಸೆಯಲ್ಲಿದ್ದದ್ದನ್ನೆಲ್ಲ ಕೊಟ್ಟುಬಿಡುತ್ತೇವೆ. ರೇಷನ್ ಕಾರ್ಡಿಗೆ ಸಾಕ್ಷಿ, ಬಾಡಿಗೆ ಮನೆಗೆ ಜಾಮೀನು, ಎಲ್ಲದಕ್ಕೂ ಹೀಗೆಯೇ ಸಹಿ ಹಾಕುತ್ತ ಬಂದವರು ನಾವು. ನಾನು ಅವನ ಪುಸ್ತಕಕ್ಕೆ ಹಾಕಿದೆ. ಒಬ್ಬನಿಗೆ ಹಾಕಿದ ಮೇಲೆ ಉಳಿದವರಿಗೆ ಯಾವ ಬಾಯಲ್ಲಿ ಇಲ್ಲವೆನ್ನಲಿ? ಮೂವತ್ತಕ್ಕೂ ಹಾಕಿದೆ. ಮುಖ್ಯಸ್ಥರು ಶಾಲು ಹೊದಿಸಿದರು, ಫೋಟೋ ಆಯಿತು. ಹೊದಿಸಿಕೊಂಡು ನಗುತ್ತ ನಿಂತಿದ್ದೆ, ನಾಚಿಕೆಗೆಟ್ಟವನು.

ಹಲವು ತಿಂಗಳಾದ ಮೇಲಿನ ಮಾತು. ನಾಶಿಕ್‌ನ ನಮ್ಮ ಪ್ಲಾಸ್ಟರ್ ರೂಮಿಗೆ ಒಂದು ಬೆಳಿಗ್ಗೆ ಪಿಂಪಳಗಾಂವ್ ಬಸವಂತ್‌ನಿಂದ ಒಬ್ಬ ಹೆಣ್ಣುಮಗಳನ್ನು ಕರೆತಂದರು. ಇಪ್ಪತ್ತು, ಇಪ್ಪತ್ತೊಂದರ ವಯಸ್ಸು. ಮಂಡಿಯ ಶೆಡ್ಡಿನಲ್ಲಿ ಈರುಳ್ಳಿ ಆರಿಸುವ ಕೆಲಸ. ಹಿಂದಿನ ದಿನ ಮಧ್ಯಾಹ್ನ ಮೂಟೆಗಳ ಅಟ್ಟಿಯಿಂದ ಜಾರಿಬಿದ್ದು ಬಲ ಮುಂಗೈಯ ಎರಡೂ ಎಲುಬು ಮುರಿದಿದ್ದವು. ಹತ್ತಿರದ ಒಂದು ಗ್ರಾಮೀಣ ಆಸ್ಪತ್ರೆಯಲ್ಲಿ ಸ್ಲ್ಯಾಬ್ ಹಾಕಿ ಮನೆಗೆ ಕಳಿಸಿದ್ದರು. ಇಡೀ ರಾತ್ರಿ ನೋವು ತಾಳದೆ ಒದ್ದಾಡಿದ್ದಾಳೆ. ಎಲುಬು ಮುರಿದರೆ ನೋಯದೇ ಇರುತ್ತದೆಯೇ ಎಂದು ಮನೆಯವರು ಮಾತ್ರೆ ನುಂಗಿಸಿದ್ದಾರೆ.

ಮೊದಲು ಬೆರಳು ನೋಡಿದೆ. ಊದಿ ಬಿರಿಯುವಂತಿದ್ದವು, ಮುಟ್ಟಿದರೆ ತಣ್ಣಗೆ. ಉಗುರು ಒತ್ತಿ ಬಿಟ್ಟೆ, ಎರಡಲ್ಲ ಹತ್ತು ಎಣಿಸಿದರೂ ಬಿಳಿಚಿದ್ದು ಬಿಳಿಚಿದಂತೆಯೇ ಇತ್ತು. ಮಧ್ಯದ ಬೆರಳನ್ನು ಸ್ವಲ್ಪ ನೆಟ್ಟಗೆ ಮಾಡಿದ್ದಕ್ಕೆ ಅವಳು ಚೀರಿದ್ದು ಹೊರಗಿನ ಸಾಲಿಗೂ ಕೇಳಿಸಿತು. ನಮ್ಮ ಸರ್ಜನ್‌ಗೆ ಫೋನ್ ಮಾಡುತ್ತಲೇ ಕತ್ತರಿ ಹಿಡಿದೆ. ಬ್ಯಾಂಡೇಜನ್ನು ಎಳೆದೆಳೆದು ಸುತ್ತಿದ್ದರು. ಅದನ್ನು ಉದ್ದಕ್ಕೆ ಕತ್ತರಿಸಿ, ಸ್ಲ್ಯಾಬ್ ಎತ್ತಿ, ಹತ್ತಿ ಸರಿಸಿದೆ. ಕೆಳಗೆ ಬಳೆ!

ಹನ್ನೊಂದು ಹಸಿರು ಗಾಜಿನ ಬಳೆಗಳು. ಮಣಿಕಟ್ಟಿಗೆ ಅಡ್ಡ ಬರುತ್ತವೆಂದು ಅವನ್ನು ಮುಂಗೈಯ ದಪ್ಪನೆಯ ಜಾಗಕ್ಕೆ ತಳ್ಳಿ, ಮೇಲೆ ಹತ್ತಿ ಸುತ್ತಿ, ಅದರ ಮೇಲೆ ಸ್ಲ್ಯಾಬ್ ಹಾಕಿದ್ದರು. ಬಾವು ಏರಿದಂತೆ ಅವು ಮಾಂಸದೊಳಗೆ ಇಳಿದಿದ್ದವು. ಎರಡು ಒಡೆದು ಚರ್ಮದಲ್ಲಿ ಕೂತಿದ್ದವು.

ಹುಡುಗಿಯ ಅತ್ತೆ ಓಡಿಬಂದು ನನ್ನ ಕೈ ಹಿಡಿದಳು. ಮದುವೆಯಾಗಿ ನಾಲ್ಕು ತಿಂಗಳು, ಮದುವೆಯ ಬಳೆ, ಹಸಿರು ಚೂಡಾ, ಒಡೆಯಬೇಡ ಎಂದು ಅಳತೊಡಗಿದಳು. ನಮ್ಮ ಕೆಲಸದಲ್ಲಿ ‘ಒಡೆಯುವುದು’ ಎಂಬ ಮಾತನ್ನೇ ಆಡಬಾರದು, ಮರಾಠಿ ಹೆಣ್ಣುಮಕ್ಕಳ ಎದುರು ‘ಬಾಂಗಡಿ ವಾಢವತೋ’, ಬಳೆ ಹೆಚ್ಚಿಸುತ್ತೇನೆ, ಎನ್ನಬೇಕು. ಕೈ ವಾಸಿಯಾದ ದಿನ ಹೊಸ ಚೂಡಾ ತೊಡಿಸಿ ಎನ್ನಬೇಕು. ಮಾತಾಡುತ್ತಲೇ ಬಳೆಯ ಕೆಳಗೆ ಒದ್ದೆ ಬಟ್ಟೆ ತೂರಿಸಿ, ಮೇಲೆ ಬ್ಯಾಂಡೇಜ್ ಬಟ್ಟೆ ಮುಚ್ಚಿ, ಚಿಮಟಿಗೆಯಿಂದ ಎರಡು ಕಡೆ ಅದುಮಬೇಕು. ಒಂದೊಂದಕ್ಕೂ ಅರ್ಧ ನಿಮಿಷ. ಹನ್ನೊಂದೂ ಬಂದವು. ಮುಂಗೈ ತುಂಬ ಹಗ್ಗದಿಂದ ಕಟ್ಟಿದಂಥ ಗೆರೆಗಳು. ಸರ್ಜನ್ ಬಂದು ನೋಡಿದವರೇ ಥಿಯೇಟರಿಗೆ ಒಯ್ದರು. ಒಳಗಿನ ಒತ್ತಡ ಇಳಿಯಲೆಂದು ಮುಂಗೈಯನ್ನು ಉದ್ದಕ್ಕೆ ಸೀಳಿ ತೆರೆದೇ ಬಿಟ್ಟರು. ಹೊರಗೆ ಬಂದು, “ಸಾತ್ ಆಠ್ ತಾಸ್ ಆಧೀ ಆಲೀ ಅಸತೀ ತರ್” ಎಂದಷ್ಟೇ ಹೇಳಿದರು. ಏಳೆಂಟು ಗಂಟೆ ಮೊದಲೇ ಬಂದಿದ್ದರೆ ಎಂದು. ರಕ್ತ ಹರಿಯದೆ ಒಳಗಿನ ಮಾಂಸ ಅಷ್ಟರಲ್ಲಿ ಸತ್ತಿತ್ತು.

ನಾನು ಆಮೇಲೆ ಆ ಗ್ರಾಮೀಣ ಆಸ್ಪತ್ರೆಯ ಚೀಟಿ ನೋಡಿದೆ. ಕೆಳಗೆ ಡಾಕ್ಟರನ ಹೆಸರು, ಸಹಿ. ಇಡ್ಲಿ ಹೋಟೆಲಿನ ಯಜಮಾನರ ಮಗ. ಇಂಟರ್ನ್‌ಶಿಪ್ ಮುಗಿಸಿ ಸರಕಾರಕ್ಕೆ ಬರೆದುಕೊಟ್ಟ ಕಡ್ಡಾಯ ಬಾಂಡ್ ಸೇವೆಗೆಂದು ಅಲ್ಲಿ ಸೇರಿದ್ದ.

ಸುದ್ದಿ ಅಲ್ಲಿಗೂ ಮುಟ್ಟಿ, ಮರುದಿನ ಅಪ್ಪ ಮಗ ಇಬ್ಬರೂ ಪ್ಲಾಸ್ಟರ್ ರೂಮಿಗೆ ಬಂದರು. ಅಪ್ಪನ ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಅದನ್ನು ಮೇಜಿನ ಮೇಲಿಟ್ಟು, “ಎಂತ ಮಾಡುದು ಮಾರಾಯ್ರೆ, ಹುಡುಗ ಸಣ್ಣವ. ಆ ಚೀಟಿ ಒಂದು ಫೈಲಿನಿಂದ ತೆಗ್ದುಬಿಡಿ. ನಿಮ್ಮ ಕೈಯಲ್ಲೇ ಉಂಟಲ್ಲ” ಎಂದರು.

“ಆ ಹುಡುಗಿ ಕೈ ಹ್ಯಾಂಗದ ಅಂತ ಕೇಳಲೇ ಇಲ್ಲಲ್ರಿ ನೀವು,” ಎಂದೆ.

“ಕೇಳುದೇ ಮಾರಾಯ್ರೆ, ಅದನ್ನೂ ಕೇಳುದೇ.”

ಡಬ್ಬಿಯನ್ನು ಅವರ ಕೈಗೇ ಕೊಟ್ಟೆ. ಚೀಟಿ ಫೈಲಿನಲ್ಲೇ ಇರುತ್ತದೆ ಎಂದೆ. ಮಗನ ಕಡೆ ತಿರುಗಿ, ಬಳೆ ಯಾಕೆ ಬಿಟ್ಟೆ ಎಂದು ಕೇಳಿದೆ. ಅವನ ಕಣ್ಣು ತುಂಬಿದ್ದವು. “ಆ ಹುಡುಗಿ, ಅವಳ ಅತ್ತೆ ಇಬ್ರೂ ಅಳ್ತಾ ಇದ್ರು ಅಂಕಲ್. ಒಡೆದ್ರೆ ಅಪಶಕುನ ಅಂತ. ನಂಗೆ ಮನಸ್ಸಾಗ್ಲಿಲ್ಲ. ತೆಗೆಯುದು ಹೇಗೆ ಅಂತ ಗೊತ್ತೂ ಇರ್ಲಿಲ್ಲ. ನೀವು ಅದು ತೋರಿಸ್ಲಿಲ್ಲ ಅಲ್ವಾ?”

ಕಪಾಳಕ್ಕೆ ಹೊಡೆದರೂ ಅಷ್ಟು ಉರಿಯುತ್ತಿರಲಿಲ್ಲ. ತೋರಿಸಿರಲಿಲ್ಲ. ಅವನು ಒಂದು ಸ್ಲ್ಯಾಬನ್ನಾದರೂ ಹಾಕಿದ್ದನ್ನು ನೋಡಿರಲೂ ಇಲ್ಲ. ಅವರನ್ನು ಕಳಿಸಿ ಬಾಗಿಲು ಹಾಕಿಕೊಂಡೆ. ಅಂದಿನಿಂದ ಆ ಹೋಟೆಲಿನ ಮೆಟ್ಟಿಲು ಹತ್ತಿಲ್ಲ.

ಆ ಭಾನುವಾರ ಓಝರ್‌ಗೆ ಹೆಂಡತಿಯ ತಮ್ಮನ ಮನೆಗೆ ಹೋಗಿದ್ದೆವು. ಅವನು ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಊಟಕ್ಕೆ ಕೂತಾಗ ಎಲ್ಲ ಹೇಳಿಕೊಂಡೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ಮಾವಾ, ನಮ್ಮಲ್ಲಿ ಪಾರ್ಟ್ ನೋಡ್ಲಾರ್ದ ಸ್ಟ್ಯಾಂಪ್ ಹೊಡದ್ರ ಮನಿಗಿ ಕಳಸ್ತಾರ್ರಿ. ನಿಮಗ್ಯಾಕ ಏನೂ ಆಗಿಲ್ಲ?” ಎಂದ. ವ್ಯಂಗ್ಯಕ್ಕಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. ಅನ್ನ ಕಲಸಿಟ್ಟದ್ದು ಹಾಗೇ ಉಳಿಯಿತು.

ಸೋಮವಾರ ಸಂಭಾಜಿನಗರದ ಮುಖ್ಯಸ್ಥರಿಗೆ ಪತ್ರ ಬರೆದೆ. ಮೂವತ್ತು ಮಂದಿಗೆ ಸಹಿ ಹಾಕಿದ್ದೇನೆ, ಕೆಲಸ ನೋಡಿದ್ದು ಹನ್ನೊಂದು ಮಂದಿಯದು. ಉಳಿದ ಹತ್ತೊಂಬತ್ತು ಸಹಿ ಸುಳ್ಳು, ಅವನ್ನು ರದ್ದು ಮಾಡಿ, ಅವರನ್ನು ಮತ್ತೆ ಕರೆಸಿ, ನಾನು ಬಂದು ಕಲಿಸುತ್ತೇನೆ ಎಂದು. ಪತ್ರ ಮುಟ್ಟಿದ ದಿನವೇ ಫೋನ್ ಬಂತು.

“ಕಾಕಾ, ನಿಮಗ ತಲಿ ಕೆಟ್ಟದ ಏನ್ರಿ? ಇನ್ಸ್‌ಪೆಕ್ಷನ್ ಆಗಿ ಎಷ್ಟೋ ದಿನ ಆಯ್ತು. ಆ ಪೋರಗೋಳು ಎಲ್ಲೆಲ್ಲಿಗೋ ಹೋಗ್ಯಾರ.”

“ಅದಕ್ಕೇ ಅಂಜಿಕಿ ಬರ್ಲತ್ತದ್ರಿ ಸರ್.”

“ನೀವು ಡಾಕ್ಟರ್ ಅಲ್ರಿ. ನಿಮ್ಮ ಸಹಿಗಿ ಕಿಮ್ಮತ್ತರ ಎಲ್ಲದ?”

“ಕಿಮ್ಮತ್ತಿಲ್ಲಂದ್ರ ಹಾಕಸ್ಕೊಂಡ್ರಿ ಯಾಕ್ರಿ?”

ಹಳಬರನ್ನು ಕರೆಸುವುದಾಗದು, ಬೇಕಾದರೆ ಹೊಸ ತಂಡಕ್ಕೆ ಒಂದು ದಿನ ಬನ್ನಿ ಎಂದರು. ನನ್ನ ಬಾಯಿ ಮುಚ್ಚಿಸಲು ಹೇಳಿದ ಮಾತದು, ಗೊತ್ತಿತ್ತು. ಆದರೂ ಹೋದೆ.

ಈ ಸಲ ಪ್ಲಾಸ್ಟರ್ ಪಟ್ಟಿಯನ್ನು ಮೊದಲೇ ಚೀಲದಿಂದ ಹೊರಗೆ ತೆಗೆಯಲಿಲ್ಲ. ಗುಲಮಂಡಿ ಪೇಟೆಯಲ್ಲಿ ಇಳಿದು ಹಸಿರು ಗಾಜಿನ ಬಳೆಗಳನ್ನು ಕೊಂಡುಹೋಗಿದ್ದೆ. ಗಂಡು ಹೆಣ್ಣೆನ್ನದೆ ಎಲ್ಲರ ಕೈಗೂ ತೊಡಿಸಿದೆ. ಹುಡುಗರು ಕಿಸಕ್ಕನೆ ನಕ್ಕರು. ನಗಲಿ. ಮೊಣಕೈ ಮೇಲೆ ರಬ್ಬರ್ ಪಟ್ಟಿ ಬಿಗಿದು ಸ್ವಲ್ಪ ಹೊತ್ತು ಬಿಟ್ಟೆ. ಕೈ ದಪ್ಪಗಾಗಿ ಜುಮುಗುಟ್ಟತೊಡಗಿದಾಗ ನಗು ನಿಂತಿತು. ಈಗ ಎದುರಿನವರ ಬಳೆ ತೆಗೆಯಿರಿ, ಆದರೆ ಮೊದಲು ಮಾತಾಡಿ, ಎದುರಿಗಿರುವುದು ಅಳುವ ಮದುಮಗಳು ಅಂದುಕೊಳ್ಳಿ ಎಂದೆ. ಅಳುವವರನ್ನು ಒಪ್ಪಿಸುವ ತನಕ ಚಿಮಟಿಗೆ ಮುಟ್ಟುವಂತಿಲ್ಲ, ಒಪ್ಪಿಸದೆ ಬಿಡುವಂತೆಯೂ ಇಲ್ಲ. ಸಂಜೆಯ ಹೊತ್ತಿಗೆ ಒಂಬತ್ತು ಮಂದಿ ಬಳೆ ತೆಗೆದು ಸ್ಲ್ಯಾಬ್ ಹಾಕಿ ಉಗುರು ಒತ್ತಿ ತೋರಿಸಿದರು. ಒಂಬತ್ತು ಪುಸ್ತಕಕ್ಕೆ ಸಹಿ ಹಾಕಿದೆ. ಉಳಿದವನ್ನು ಹಾಗೆಯೇ ಮುಖ್ಯಸ್ಥರ ಮೇಜಿನ ಮೇಲಿಟ್ಟು ಬಂದೆ. ಅವರು ನನ್ನನ್ನು ಮತ್ತೆ ಕರೆಯಲಿಲ್ಲ. ಉಳಿದ ಪುಸ್ತಕಗಳಿಗೆ ಬೇರೆ ಯಾರೋ ಸಹಿ ಹಾಕಿದರಂತೆ, ಮಾಮಾ ಫೋನ್ ಮಾಡಿ ಹೇಳಿದ.

ಪಿಂಪಳಗಾಂವ್‌ನ ಹುಡುಗಿ ಬೆರಳಿನ ವ್ಯಾಯಾಮಕ್ಕೆ ನಮ್ಮಲ್ಲಿಗೇ ಬರತೊಡಗಿದ್ದಳು. ತೊಡೆಯ ಚರ್ಮ ತೆಗೆದು ಮುಂಗೈಗೆ ಹಚ್ಚಿದ್ದರು, ಎಲುಬು ಕೂಡಿಕೊಂಡಿತ್ತು. ಹೆಬ್ಬೆರಳು, ತೋರುಬೆರಳು ಆಡುತ್ತಿದ್ದವು. ಉಳಿದ ಮೂರು ಒಳಕ್ಕೆ ಮಡಿಚಿ ನಿಂತಿದ್ದವು. ನಾನು ಅವಳ ಮಣಿಕಟ್ಟನ್ನು ಕೆಳಕ್ಕೆ ಬಗ್ಗಿಸಿ, ಆ ಮೂರರ ಒಳಗೆ ನನ್ನ ಬೆರಳು ತೂರಿಸಿ, ಮೆಲ್ಲಗೆ ಬಿಡಿಸುತ್ತಿದ್ದೆ. ಅವಳು ಮರಾಠಿಯಲ್ಲಿ ಆಡಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

“ಕಾಕಾ, ಉಳ್ಳಾಗಡ್ಡಿ ಆರಸ್ಲಿಕ್ಕಿ ಬರ್ತದಾ ಈ ಕೈಲೆ?”

“ಎಡಗೈಲೆ ರೂಢಿ ಮಾಡ್ಕೋ ತಾಯಿ.”

ಅವಳು ಎಡಗೈಯನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ, “ಆ ಡಾಕ್ಟರ್ ದಾದಾ ಎಷ್ಟು ಛಲೋ ಮನಶಾ ಇದ್ದ. ನಾವು ಅಳ್ಲತ್ತೀವಿ ಅಂತ ಒಂದು ಬಳಿ ಸೈತ ಮುಟ್ಟಲಿಲ್ಲ. ನೀವು ಒಡದ್ರಿ. ಅವತ್ತಿನಿಂದೇ ನನ್ನ ಕೈ ಹೋಯ್ತು” ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಮನೆಯಲ್ಲಿ ದಿನಾ ಆಡಿಕೊಂಡ ಮಾತು ಹಾಗೇ ಬಾಯಿಗೆ ಬಂದಿತ್ತು. ಸುಮ್ಮನಿದ್ದುಬಿಡಬಹುದಿತ್ತು. ಕಟುಕ ಎಂಬ ಹೆಸರು ಹೊತ್ತುಕೊಂಡರೆ ನನಗೇನೂ ಹೋಗುತ್ತಿರಲಿಲ್ಲ, ಹುಡುಗನೂ ಒಳ್ಳೆಯವನಾಗಿಯೇ ಉಳಿಯುತ್ತಿದ್ದ. ಹಾಗೆ ಅನ್ನಿಸಿದ್ದಕ್ಕೇ ನನಗೆ ಅಸಹ್ಯವಾಯಿತು.

“ಕೈ ಹೋಗಿದ್ದು ಬಳಿ ಒಡದಿದ್ದಕ್ಕಲ್ಲ ತಾಯಿ. ಒಡೀಲಾರ್ದ ಬಿಟ್ಟಿದ್ದಕ್ಕ,” ಎಂದೆ. “ಅವನಿಗಿ ಕಲಿಸಿದವ ನಾನೇ. ಇವನಿಗಿ ಈ ಕೆಲಸ ಬರ್ತದ ಅಂತ ಸಹಿ ಹಾಕಿದವನೂ ನಾನೇ. ಅವ ಮಾಡಿದ್ದು ನಾ ನೋಡಿರ್ಲಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. “ನೋಡ್ಲಾರ್ದೇ?”

“ನೋಡ್ಲಾರ್ದೇ.”

ಅವಳು ಕೈ ಎಳೆದುಕೊಳ್ಳಲು ನೋಡಿದಳು. ಬರಲಿಲ್ಲ. ಮಡಿಚಿದ್ದ ಮೂರು ಬೆರಳು ನನ್ನ ಬೆರಳಿಗೆ ಸಿಕ್ಕಿಕೊಂಡಿದ್ದವು. ಎಡಗೈಯಿಂದ ಅವನ್ನು ಒಂದೊಂದಾಗಿ ಬಿಡಿಸಿಕೊಂಡಳು.